ಗಾಳಿಯಲ್ಲಿ ಪ್ರಬಲ ಲೇಸರ್ ಸ್ಪಂದಗಳ ಶಕ್ತಿನಷ್ಟ

ಕೆಲವೇ ಹತ್ತು ಅಥವಾ ನೂರು ಫೆಮ್ಟೊಸೆಕೆಂಡ್ (10⁻¹⁵ ಸೆಕೆಂಡ್) ಬಾಳುವ ಪ್ರಬಲ ಲೇಸರ್ ಸ್ಪಂದ ಗಾಳಿಯಲ್ಲಿ ಸಾಗುತ್ತ ತನ್ನ ಶಕ್ತಿಯನ್ನು ಅಣುಗಳಿಗೆ ಬಿಟ್ಟುಕೊಡುವ ಪ್ರಕ್ರಿಯೆ. ಸಾಧಾರಣ ತೀವ್ರತೆಯ 800 ನ್ಯಾನೊಮೀಟರ್ ಬೆಳಕನ್ನು ತಿಳಿಗಾಳಿ ಹೆಚ್ಚುಕಡಿಮೆ ಹಾಗೆಯೇ ಹಾಯಗೊಡುತ್ತದೆ. ಸ್ಪಂದದ ಸಾಮರ್ಥ್ಯ ಕೆಲವು ಗಿಗಾವ್ಯಾಟ್ ದಾಟಿದರೆ ಗಾಳಿಯೇ ಮಸೂರವಾಗಿ ಕಿರಣವನ್ನು ಕುಗ್ಗಿಸುತ್ತದೆ. ಆಗ ಅಣುಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಹುಟ್ಟುವ ಪ್ಲಾಸ್ಮಾ ಕಿರಣವನ್ನು ಮತ್ತೆ ಹರಡುತ್ತದೆ. ಈ ಎಳೆದಾಟದಲ್ಲಿ ಸುಮಾರು 100 ಮೈಕ್ರೊಮೀಟರ್ ಅಗಲದ ಬೆಳಕಿನ ತಂತು ಉಳಿಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಗುಂಪೊಂದು ಗಾಳಿಯಲ್ಲಿ ಇಂಥ ತಂತುವನ್ನು 1995ರಲ್ಲಿ ವರದಿ ಮಾಡಿತು.

ನಷ್ಟಕ್ಕೆ ಮುಖ್ಯ ದಾರಿ ಎರಡು. ಒಂದು, ಅಯಾನೀಕರಣ. 800 ನ್ಯಾನೊಮೀಟರ್ ಫೋಟಾನಿನ ಶಕ್ತಿ 1.55 ಎಲೆಕ್ಟ್ರಾನ್ ವೋಲ್ಟ್. ಆಕ್ಸಿಜನ್ ಅಣುವಿನಿಂದ ಎಲೆಕ್ಟ್ರಾನ್ ಕೀಳಲು 12.1 ಬೇಕು. ಹಾಗಾಗಿ ಎಂಟು ಫೋಟಾನುಗಳು ಒಟ್ಟಿಗೇ ಹೀರಲ್ಪಡಬೇಕು, ನೈಟ್ರೊಜನ್ನಿಗೆ ಹನ್ನೊಂದು.

ಇನ್ನೊಂದು ದಾರಿ ಕನ್ನಡ ಓದುಗರಿಗೆ ಹತ್ತಿರದ್ದು: ರಾಮನ್ ಪರಿಣಾಮ, ಅಂದರೆ ಬೆಳಕು ಅಣುವಿನಿಂದ ಚದುರುವಾಗ ಅದಕ್ಕೆ ಸ್ವಲ್ಪ ಶಕ್ತಿ ಬಿಟ್ಟುಕೊಡುವುದು. ಸಿ.ವಿ. ರಾಮನ್ ಅದನ್ನು 1928ರಲ್ಲಿ ಕೋಲ್ಕತ್ತದಲ್ಲಿ ಕಂಡರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1948ರಲ್ಲಿ ಇಲ್ಲೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. ಅವರ ಕಾಲದಲ್ಲಿ ಫೋಟೋ ಫಲಕದ ಮೇಲೆ ಗಂಟೆಗಟ್ಟಲೆ ಕಾದು ಹಿಡಿಯಬೇಕಿದ್ದ ಕ್ಷೀಣ ಚದುರಿಕೆಯ ಹಿಂದಿನ ತತ್ತ್ವವೇ ತಂತುವಿನಲ್ಲಿ ಒಂದೇ ಸ್ಪಂದದಲ್ಲಿ ಅಸಂಖ್ಯ ಅಣುಗಳನ್ನು ಬುಗುರಿಯಂತೆ ತಿರುಗಿಸುತ್ತದೆ. ನೈಟ್ರೊಜನ್ ಅಣುಗಳು ಸುಮಾರು 8.4 ಪಿಕೊಸೆಕೆಂಡಿಗೊಮ್ಮೆ ಮತ್ತೆ ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಆಮೇಲೆ ಡಿಕ್ಕಿಗಳಲ್ಲಿ ಆ ತಿರುಗುವಿಕೆ ಶಾಖವಾಗುತ್ತದೆ. ಕಾದ ಗಾಳಿ ಸದ್ದಿನ ಅಲೆಯೆಬ್ಬಿಸಿ ಹೊರಚಿಮ್ಮಿ, ಮಿಲಿಸೆಕೆಂಡಿನಷ್ಟು ಹೊತ್ತು ನಿಲ್ಲುವ ವಿರಳ ಗಾಳಿಯ ಕಾಲುವೆಯನ್ನು ಬಿಟ್ಟುಹೋಗುತ್ತದೆ.

2016ರಲ್ಲಿ ಪ್ರಕಟವಾದ ಮಾಪನವೊಂದರಲ್ಲಿ, ಕಿರಣ ತಾನೇ ಕುಗ್ಗಲು ಬೇಕಾದ ನಿರ್ಣಾಯಕ ಸಾಮರ್ಥ್ಯದ ಸುಮಾರು ಆರು ಪಟ್ಟಿನವರೆಗಿನ ಸ್ಪಂದಗಳ ಒಂಟಿ ತಂತು ಸೆಂಟಿಮೀಟರಿಗೆ ಸರಾಸರಿ 1 ಮೈಕ್ರೊಜೌಲ್, ಗರಿಷ್ಠ 4 ಮೈಕ್ರೊಜೌಲ್ ಕಳೆದುಕೊಂಡಿತು. ಅಂದರೆ ಮೀಟರಿಗೆ ಸರಾಸರಿ ಮಿಲಿಜೌಲಿನ ಹತ್ತನೇ ಒಂದು ಪಾಲು. ನಷ್ಟ ಸಣ್ಣದು, ಅದು ಗಾಳಿಯಲ್ಲಿ ಮಾಡುವ ಕೆಲಸ ಸಣ್ಣದಲ್ಲ.

2021ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಟಿಸ್ ಶಿಖರದಲ್ಲಿ ಸೆಕೆಂಡಿಗೆ ಸಾವಿರ ಸ್ಪಂದ ಹಾರಿಸಿ ಇಂಥ ಕಾಲುವೆ ಕಟ್ಟಿದಾಗ, 124 ಮೀಟರ್ ಗೋಪುರದ ಬಳಿ ಸಿಡಿಲು ಸುಮಾರು 50 ಮೀಟರ್ ದೂರ ಅದರ ಜಾಡು ಹಿಡಿಯಿತು. ಮುಂಗಾರಿನ ಮೊದಲ ಗುಡುಗಿಗೆ ಕುರಿಗಾಹಿಗಳು ಬಯಲಲ್ಲೇ ಸಿಕ್ಕಿಬೀಳುವ ಹಿರೇಹಡಗಲಿ, ಕೊಟ್ಟೂರು ಸೀಮೆಗೆ ಈ ಸುದ್ದಿ ದೂರದ್ದಲ್ಲ. ಆದರೆ ಆ ಲೇಸರ್ ಮೂರು ಟನ್‌ಗೂ ಹೆಚ್ಚು ತೂಗುತ್ತದೆ. ಸದ್ಯಕ್ಕೆ ಅದು ಗೋಪುರ, ವಿಮಾನ ನಿಲ್ದಾಣಗಳ ಕಾವಲಿಗೆ ಯೋಚಿಸಿದ ಯಂತ್ರ, ಹೊಲದ್ದಲ್ಲ.