ಹೆಸರಿಸುವ ಅಲಂಕಾರ, ಕಟ್ಟುವ ಅಲಂಕಾರ

ಪ್ರೌಢಶಾಲೆಯಲ್ಲಿ ಕನ್ನಡ ಓದಿದ ಯಾರಿಗೇ ಆಗಲಿ, ಎರಡು ಪ್ರಶ್ನೆಗಳು ಮರೆತಿರಲಾರವು. ಮೊದಲನೆಯದು, ‘ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸನ್ನು ಹೆಸರಿಸಿ’. ಎರಡನೆಯದು, ‘ಅಲಂಕಾರವನ್ನು ಗುರುತಿಸಿ, ಲಕ್ಷಣದೊಡನೆ ಸಮನ್ವಯಗೊಳಿಸಿ’. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕನ್ನು ಸರಿಯಾಗಿ ಬರೆದರೆ ಅಂಕಗಳು ಕೈಗೆ ಬಂದಂತೆಯೇ. ಆದರೆ ‘ನೀನೇ ಒಂದು ಉಪಮೆ ಮಾಡಿ ತೋರಿಸು’ ಎಂಬ ಪ್ರಶ್ನೆ ಮಾತ್ರ ಅಪರೂಪ. ವಿಚಿತ್ರವೆಂದರೆ, ಈ ಶಾಸ್ತ್ರಗಳು ಹುಟ್ಟಿದ್ದೇ ಹಾಗೆ ಮಾಡಿ ತೋರಿಸುವವರಿಗಾಗಿ.

ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ಒಂದು ಕಾವ್ಯವಲ್ಲ, ಕಾವ್ಯ ಕಟ್ಟುವವರಿಗೆ ದಾರಿ ತೋರುವ ಪುಸ್ತಕ ಎಂಬುದು ಗಮನಿಸಬೇಕಾದ ಸಂಗತಿ. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದೆ. ಅದರ ಮೂರು ಪರಿಚ್ಛೇದಗಳಲ್ಲಿ ದೋಷಗಳು, ಶಬ್ದಾಲಂಕಾರಗಳು, ಅರ್ಥಾಲಂಕಾರಗಳು ಲಕ್ಷ್ಯಪದ್ಯಗಳೊಡನೆ ನಿರೂಪಿತವಾಗಿವೆ. ಬೋಧನೆಯ ಕ್ರಮವೂ ಸ್ವಾರಸ್ಯವಾದುದು. ಸಂಸ್ಕೃತ ಪದಗಳನ್ನು ಕನ್ನಡ ಪದಗಳೊಡನೆ ಹೊಂದಿಕೆಯಿಲ್ಲದೆ ಬೆರೆಸಬಾರದೆಂದು ಹೇಳಲು ಶ್ರೀವಿಜಯನು ಅಡುಗೆಮನೆಗೆ ಹೋಗುತ್ತಾನೆ: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ. ಉಪಮೆಯಿಂದಲೇ ಪಾಠ ಹೇಳಿದ ಮೇಷ್ಟರು ಅವರು.

ಕನ್ನಡ ನಾಡಿನ ಜನ ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂಬ ಆ ಗ್ರಂಥದ ಮಾತು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಬರುವ ಮಾತು ಅಷ್ಟು ಪ್ರಸಿದ್ಧವಲ್ಲ. ತಂತಮ್ಮ ನುಡಿಯಲ್ಲಿ ಎಲ್ಲರೂ ಜಾಣರೇ. ಸಣ್ಣ ಮಕ್ಕಳೂ ತಿಳಿಸಿಕೊಟ್ಟರೆ ವಿವೇಕವನ್ನು ಅರಿಯಬಲ್ಲರು ಎನ್ನುತ್ತದೆ ಅದು. ಮಕ್ಕಳಿಗೆ ಕಾವ್ಯದ ಉಪಕರಣಗಳನ್ನು ಕೊಡಬಹುದೇ ಎಂಬ ಪ್ರಶ್ನೆಗೆ ಕನ್ನಡದ ಮೊದಲ ಲಾಕ್ಷಣಿಕನು ಹೌದೆಂದೇ ಉತ್ತರಿಸಿದ್ದಾನೆ.

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದನು. ಇಡೀ ಶಾಸ್ತ್ರವನ್ನು ಅವನು ತನ್ನ ಹೆಂಡತಿಗೆ ಹೇಳುವಂತೆ ನಿರೂಪಿಸಿದ್ದಾನೆ. ಸಂಸ್ಕೃತ ವೃತ್ತಗಳ ಜೊತೆಗೆ ತ್ರಿಪದಿ, ಷಟ್ಪದಿ, ಅಕ್ಕರಗಳಂಥ ದೇಸಿ ಮಟ್ಟುಗಳಿಗೂ ಅದರಲ್ಲಿ ಸ್ಥಾನವುಂಟು. ಇದನ್ನು ಫರ್ಡಿನಾಂಡ್ ಕಿಟೆಲ್ 1875ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು.

ಹೊಸಬರಿಗೆ ಅಭ್ಯಾಸ ಮಾಡಿಸುವ ವಿಧಾನವನ್ನೂ ಹಿಂದಿನವರು ಯೋಚಿಸಿದ್ದರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಬರೆದ ‘ಕವಿಕಂಠಾಭರಣ’ ಒಂದು ಪುಟ್ಟ ಕೈಪಿಡಿ. ಸ್ವಲ್ಪ ಪ್ರಯತ್ನಕ್ಕೆ ಒದಗುವವರು, ಬಹಳ ಕಷ್ಟದಿಂದ ಒದಗುವವರು, ಎಂದೂ ಒದಗದವರು ಎಂದು ಅವನು ಶಿಷ್ಯರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಅವನು ಹೇಳುವ ಅಭ್ಯಾಸಗಳಲ್ಲಿ ಒಂದು ಇಂದಿನ ಅಧ್ಯಾಪಕರನ್ನೂ ಅಚ್ಚರಿಗೊಳಿಸಬಲ್ಲುದು: ಅರ್ಥದ ಗೊಡವೆಗೇ ಹೋಗದೆ, ಲಯಕ್ಕೆ ಒಗ್ಗುವ ಪದಗಳನ್ನು ಸುಮ್ಮನೆ ಜೋಡಿಸುತ್ತ ಹೋಗುವುದು. ಮೊದಲು ಕಿವಿ ಪಳಗಲಿ, ಅರ್ಥ ಆಮೇಲೆ ಬರಲಿ ಎಂಬುದು ಇದರ ತಾತ್ಪರ್ಯ. ಅವಧಾನಗಳಲ್ಲಿ ಕಾಣುವ ಸಮಸ್ಯಾಪೂರಣವೂ ಇಂಥದೇ ಕಸರತ್ತು. ಒಂದು ಸಾಲನ್ನು ಒಬ್ಬರು ಕೊಡುತ್ತಾರೆ, ಉಳಿದದ್ದನ್ನು ಇನ್ನೊಬ್ಬರು ಕಟ್ಟಬೇಕು.

ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದು ನಿಲುಕುವುದೇ? ಭಾಮಿನಿ ಷಟ್ಪದಿಯ ಮೊದಲ ಸಾಲಿನ ಲೆಕ್ಕವನ್ನೇ ನೋಡೋಣ. ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಮತ್ತೆ ಮೂರು, ಮತ್ತೆ ನಾಲ್ಕು. ಒಟ್ಟು 14 ಮಾತ್ರೆ. ‘ಬಸ್ಸು ಬಂದಿತು ನಮ್ಮ ಊರಿಗೆ’ ಎಂಬ ಸಾಮಾನ್ಯ ಮಾತು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇದಕ್ಕೆ ಆದಿಪ್ರಾಸ ಬೇಕಾದರೆ ಮುಂದಿನ ಸಾಲಿನ ಎರಡನೆಯ ಅಕ್ಷರವೂ ಸಕಾರದ ಒತ್ತೇ ಆಗಬೇಕು. ಹುಡುಕಿದ ಹುಡುಗ ‘ಲಸ್ಸಿ ಕುಡಿದನು ಪುಟ್ಟ ತಮ್ಮನು’ ಎಂದು ಬರೆದಾನು. ತರಗತಿ ನಗುತ್ತದೆ. ಆ ನಗುವಿನಲ್ಲೇ ಒಂದು ಪಾಠವಿದೆ. ಲಸ್ಸಿಯನ್ನು ತಂದದ್ದು ಹುಡುಗನ ಅನುಭವವಲ್ಲ, ಪ್ರಾಸ. ಪ್ರಾಸವು ಎಣಿಸದಿದ್ದ ಮಾತನ್ನು ಕೊಡಲೂಬಲ್ಲದು, ಹೇಳಬೇಕೆಂದಿದ್ದ ಮಾತನ್ನು ಕಸಿಯಲೂಬಲ್ಲದು. ಲಕ್ಷಣವನ್ನು ಬಾಯಿಪಾಠ ಮಾಡಿದವರಿಗೆ ಇದು ತಿಳಿಯುವುದಿಲ್ಲ. ಎರಡು ಸಾಲು ಕಟ್ಟಿದವರಿಗೆ ತಿಳಿಯುತ್ತದೆ.

ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದಾಗ ಎದ್ದದ್ದೂ ಇದೇ ಪ್ರಶ್ನೆ. ಶತಮಾನಗಳ ಕಟ್ಟನ್ನು ಅವರು ಮುರಿದದ್ದು ಅದನ್ನು ಅರಿಯದೆ ಅಲ್ಲ, ಅರಿತೇ. ಗೋಪಾಲಕೃಷ್ಣ ಅಡಿಗರೂ ಹಾಗೆಯೇ. 1946ರ ‘ಭಾವತರಂಗ’ದಲ್ಲಿ ನವೋದಯದ ಲಯಗಳಲ್ಲಿ ಬರೆದವರು, 1954ರ ‘ಚಂಡೆಮದ್ದಳೆ’ಯ ಹೊತ್ತಿಗೆ ಮಾತಿನ ಲಯವನ್ನೇ ಕವಿತೆಗೆ ಒಗ್ಗಿಸಿಕೊಂಡಿದ್ದರು. ನಿಯಮ ಕಲಿಸಿದರೆ ಮಕ್ಕಳ ಸ್ವಂತಿಕೆ ಸಾಯುತ್ತದೆ ಎನ್ನುವವರು ಈ ಉದಾಹರಣೆಗಳನ್ನು ನೆನೆಯಬೇಕು.

ಕುವೆಂಪು ಅವರ ಪ್ರಸಂಗ ಇನ್ನೊಂದು ಮುಖವನ್ನು ತೋರಿಸುತ್ತದೆ. ಮೈಸೂರಿನಲ್ಲಿ ಓದುತ್ತಿದ್ದ ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನ 1922ರಲ್ಲೇ ಹೊರಬಂದಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡಾಗ, ತಾಯ್ನುಡಿಯಲ್ಲಿ ಬರೆಯಿರಿ ಎಂಬ ಸಲಹೆ ದೊರೆಯಿತು. ಕಲಿತ ಕೌಶಲ ಹುಡುಗನಲ್ಲಿ ಆಗಲೇ ಇತ್ತು. ಅದನ್ನು ತನ್ನ ನುಡಿಯ ಕಡೆಗೆ ತಿರುಗಿಸಲು ಹಿರಿಯರೊಬ್ಬರು ಆ ಬರಹವನ್ನು ಓದಿ ನೋಡಬೇಕಾಗಿತ್ತು.

ಹಾಗಾದರೆ ಕಟ್ಟುವ ವಿದ್ಯೆ ಹೆಸರಿಸುವ ವಿದ್ಯೆಯಾಗಿ ಏಕೆ ಉಳಿಯಿತು? ಪರೀಕ್ಷೆಗೆ ಒಂದೇ ಸರಿಯುತ್ತರ ಬೇಕು ಎಂಬುದು ಮುಖ್ಯ ಕಾರಣ. ‘ಇದು ರೂಪಕಾಲಂಕಾರ’ ಎಂಬ ಉತ್ತರ ಸರಿಯೋ ತಪ್ಪೋ ಎಂದು ಒಂದು ಗಳಿಗೆಯಲ್ಲಿ ಹೇಳಬಹುದು. ವಿದ್ಯಾರ್ಥಿಯೇ ಮಾಡಿದ ರೂಪಕಕ್ಕೆ ಅಂಕ ಕೊಡಬೇಕಾದರೆ ಅಧ್ಯಾಪಕರು ನಿಂತು ಓದಬೇಕು, ಯೋಚಿಸಬೇಕು. ತುಂಬಿದ ತರಗತಿಯಲ್ಲಿ ಅದು ಸುಲಭವಲ್ಲ, ನಿಜ. ಆದರೆ ಈ ಅನುಕೂಲಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ. ಮುಖ ಕಮಲದಂತಿದೆ ಎಂದು ನೂರು ಸಲ ಬರೆದ ಮಗು, ತನ್ನ ಊರಿನ ಕೆರೆಯೋ ಅಜ್ಜಿಯ ಕೈಯೋ ಯಾವುದರಂತಿದೆ ಎಂದು ಒಮ್ಮೆಯೂ ಯೋಚಿಸದೆ ಶಾಲೆ ಮುಗಿಸುತ್ತದೆ.

ಪಠ್ಯಕ್ರಮವನ್ನು ಬುಡಮೇಲು ಮಾಡಬೇಕಾಗಿಲ್ಲ. ಉಪಮೆಯ ಪಾಠ ಮುಗಿದ ದಿನ ಪ್ರತಿಯೊಬ್ಬರೂ ಕಣ್ಣಾರೆ ಕಂಡ ಒಂದು ವಸ್ತುವಿಗೆ ಯಾರೂ ಹೇಳಿರದ ಉಪಮಾನವನ್ನು ತರಲಿ. ರೂಪಕದ ದಿನ ಒಂದು ಒಗಟು ಕಟ್ಟಲಿ. ಒಂದು ವಸ್ತುವನ್ನು ಇನ್ನೊಂದೆಂದೇ ಹೇಳಿ ಮರೆಮಾಡುವುದು ಒಗಟಿನ ಜೀವಾಳವಷ್ಟೆ. ಷಟ್ಪದಿಯ ದಿನ ಕರಿಹಲಗೆಯ ಮೇಲೆ ಅಧ್ಯಾಪಕರು ಒಂದು ಸಾಲು ಬರೆದು, ಮುಂದಿನದನ್ನು ಮಕ್ಕಳಿಗೇ ಬಿಡಲಿ. ಕೆಲವು ಸಾಲುಗಳು ಕುಂಟಿಯಾವು, ಕೆಲವು ನಗೆ ತಂದಾವು. ಅವರಲ್ಲಿ ಎಲ್ಲರೂ ಕವಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಒಂದು ಸಾಲನ್ನು ತಾವೇ ತೂಗಿ ನೋಡಿದ ಮಕ್ಕಳು ಮುಂದೆ ಕುಮಾರವ್ಯಾಸನನ್ನು ಓದುವಾಗ, ಆ ಸಾಲು ಹಾಗೆ ನಿಂತಿರುವುದು ಎಷ್ಟು ಕಷ್ಟದ ಕೆಲಸವೆಂದು ಕೈಯಾರೆ ಬಲ್ಲವರಾಗಿರುತ್ತಾರೆ.