ತರಗತಿಯೊಳಗಿನ ಚಿಕಿತ್ಸೆ: ‘ಸಂಬಂಧಿತ ಸೇವೆಗಳು’ ಎಂಬ ಪದಪುಂಜದ ಚರಿತ್ರೆ

ಪದವೊಂದರ ಅರ್ಥ ನಿಘಂಟಿನಲ್ಲಿ ನೆಲೆನಿಲ್ಲುವುದಿಲ್ಲ, ಬಳಸುವವರ ಬದುಕಿನಲ್ಲಿ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ ಎಂಬುದು ಜಾನಪದ ವಿದ್ವಾಂಸರಿಗೆ ಪರಿಚಿತ ಸಂಗತಿ. ಕಾಯಿದೆಯ ಪದಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು 1975ರಲ್ಲಿ ವಿಕಲಚೇತನ ಮಕ್ಕಳಿಗಾಗಿ ರೂಪಿಸಿದ ಶಿಕ್ಷಣ ಕಾಯಿದೆಯಲ್ಲಿ ಬರುವ ‘ಸಂಬಂಧಿತ ಸೇವೆಗಳು’ ಎಂಬ ಪದಪುಂಜ ಇದಕ್ಕೆ ನಿದರ್ಶನ. ವಾಕ್ ಚಿಕಿತ್ಸೆ, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಮುಂತಾದವನ್ನು ಶಾಲೆಯೇ ಉಚಿತವಾಗಿ ಒದಗಿಸಬೇಕೆಂಬ ಹಕ್ಕು ನಿಂತಿರುವುದು ಈ ಎರಡು ಪದಗಳ ಮೇಲೆ.

ಅದಕ್ಕೆ ಮುಂಚಿನ ಸ್ಥಿತಿಯನ್ನು ಆ ಕಾಯಿದೆಯೇ ದಾಖಲಿಸಿದೆ. ದೇಶದ 80 ಲಕ್ಷಕ್ಕೂ ಹೆಚ್ಚು ವಿಕಲಚೇತನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣವಿರಲಿಲ್ಲ. 10 ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗುಳಿದಿದ್ದರು. ಹಣದ ಕೊರತೆಯ ಹೊರೆಯನ್ನು ಈ ಮಕ್ಕಳ ಮೇಲೆಯೇ ಹೆಚ್ಚಾಗಿ ಹೇರಲಾಗದೆಂದು ವಾಷಿಂಗ್ಟನ್ ನಗರದ ಒಕ್ಕೂಟ ನ್ಯಾಯಾಲಯ 1972ರಲ್ಲಿಯೇ ಹೇಳಿತ್ತು. 1975ರ ನವೆಂಬರ್ 29ರಂದು ಸಹಿ ಹಾಕಿದ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಒಕ್ಕೂಟ ಸರ್ಕಾರ ಈಡೇರಿಸಲಾಗದಷ್ಟು ಭರವಸೆಯನ್ನು ಈ ಕಾಯಿದೆ ನೀಡುತ್ತಿದೆಯೆಂದು ಶಂಕಿಸಿದ್ದರು. ಆ ಶಂಕೆ ಸುಳ್ಳಾಗಲಿಲ್ಲ. ವಿದ್ಯಾರ್ಥಿಯೊಬ್ಬರ ಸರಾಸರಿ ವೆಚ್ಚದ ಶೇ. 40ರಷ್ಟನ್ನು ಭರಿಸುವ ಮಾತು ಒಂದು ವರ್ಷವೂ ನಡೆದಿಲ್ಲ.

ಕಾಯಿದೆಯಲ್ಲಿ ಒಂದು ಹೊರತೂ ಇತ್ತು: ವೈದ್ಯಕೀಯ ಸೇವೆ ರೋಗನಿರ್ಣಯ ಮತ್ತು ಮೌಲ್ಯಮಾಪನಕ್ಕೆ ಮಾತ್ರ ಸೀಮಿತ. ಶಾಲೆಗಳು ಹಿಡಿದದ್ದು ಈ ಎಳೆಯನ್ನೇ. ಟೆಕ್ಸಾಸ್ ರಾಜ್ಯದ ಅರ್ವಿಂಗ್ ಶಾಲಾ ಜಿಲ್ಲೆಯಲ್ಲಿ, ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದ ಬಾಲಕಿಗೆ ಮೂರು-ನಾಲ್ಕು ಗಂಟೆಗೊಮ್ಮೆ ಕ್ಯಾಥಿಟರ್ ಮೂಲಕ ಮೂತ್ರ ತೆಗೆಯಬೇಕಿತ್ತು. ಫಿಸಿಯೋಥೆರಪಿಗೆ ಒಪ್ಪಿದ್ದ ಶಾಲೆ ಇದಕ್ಕೆ ಒಪ್ಪಲಿಲ್ಲ. ಕೆಲವೇ ನಿಮಿಷದ ಕೆಲಸ; ವೈದ್ಯರಲ್ಲದವರೂ ಒಂದು ಗಂಟೆಯೊಳಗೆ ಕಲಿಯಬಹುದು. ಇದಿಲ್ಲದೆ ಮಗು ತರಗತಿಯಲ್ಲಿ ಕೂರಲಾರದು, ಆದ್ದರಿಂದ ಇದು ಸಂಬಂಧಿತ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪಿತ್ತಿತು. ಐಯೋವಾ ರಾಜ್ಯದ ಸೀಡರ್ ರಾಪಿಡ್ಸ್‌ನ ಪ್ರಕರಣ ಇನ್ನೂ ಕಠಿಣವಾದುದು. ನಾಲ್ಕನೆಯ ವಯಸ್ಸಿನಲ್ಲಿ ಅಪಘಾತಕ್ಕೀಡಾಗಿ ವೆಂಟಿಲೇಟರಿನಿಂದ ಉಸಿರಾಡುತ್ತಿದ್ದ ಆ ವಿದ್ಯಾರ್ಥಿಯ ಬಳಿ ಶಾಲೆಯ ಅವಧಿಯಿಡೀ ಒಬ್ಬರು ಇರಲೇಬೇಕಿತ್ತು. ವೆಚ್ಚ ಮುಖ್ಯವಲ್ಲ, ಕೆಲಸಕ್ಕೆ ವೈದ್ಯರೇ ಬೇಕೇ ಎಂಬುದಷ್ಟೇ ಮುಖ್ಯ ಎಂದು 1999ರಲ್ಲಿ ಏಳು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಇಬ್ಬರು ಭಿನ್ನಮತ ತಾಳಿದರು.

2004ರ ತಿದ್ದುಪಡಿಯಲ್ಲಿ ಈ ಪದಪುಂಜ ಏಕಕಾಲಕ್ಕೆ ಹಿಗ್ಗಿತು ಮತ್ತು ಕುಗ್ಗಿತು. ಶಾಲಾ ದಾದಿಯರ ಸೇವೆ ಒಳಗೆ ಬಂದಿತು. ಶಸ್ತ್ರಚಿಕಿತ್ಸೆಯಿಂದ ದೇಹದೊಳಗೆ ಅಳವಡಿಸಿದ ಉಪಕರಣಗಳು ಹೊರಗುಳಿದವು.

ಅರ್ಥದ ವಿವಾದ ನ್ಯಾಯಾಲಯದಲ್ಲಿ ಗೆದ್ದರೂ ಬಿಲ್ಲಿನ ವಿವಾದ ಮುಗಿಯಲಿಲ್ಲ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್ ಶಾಲಾ ಚಿಕಿತ್ಸೆಗೂ ಹಣ ನೀಡಬಹುದೆಂದು 1988ರಲ್ಲಿ ಸಂಸತ್ತು ಸ್ಪಷ್ಟಪಡಿಸಿತು. ಇಂಥ ಸೇವೆಗಳ ಆಡಳಿತ ಹಾಗೂ ಮಕ್ಕಳ ಸಾಗಾಟದ ವೆಚ್ಚವನ್ನು ಭರಿಸಲಾಗದೆಂಬ ನಿಯಮ 2007ರ ಡಿಸೆಂಬರಿನಲ್ಲಿ ಹೊರಟಿತು. ಸಂಸತ್ತು ತಡೆ ನೀಡಿತು, 2009ರಲ್ಲಿ ನಿಯಮವೇ ರದ್ದಾಯಿತು. 2017ರಲ್ಲಿ ಮೆಡಿಕೈಡ್‌ಗೆ ತಲಾ ಮಿತಿ ಹಾಕುವ ಮಸೂದೆಗಳನ್ನು ಶಾಲಾ ಸಂಘಟನೆಗಳು ವಿರೋಧಿಸಿದ್ದವು. ಅವು ಸೆನೆಟ್‌ನಲ್ಲಿ ಬಿದ್ದುಹೋದವು. 2025ರ ಜುಲೈ 4ರಂದು ಸಹಿಯಾದ ಕಾಯಿದೆಯಾದರೋ ಮೆಡಿಕೈಡ್‌ನ ಒಕ್ಕೂಟ ವೆಚ್ಚವನ್ನು ಬಹುವಾಗಿ ಇಳಿಸುವಂಥದು. ಶಾಲಾ ಚಿಕಿತ್ಸೆಯ ಹಕ್ಕನ್ನು ಅದು ಮುಟ್ಟಿಲ್ಲ ಎಂಬ ಸಮಾಧಾನ ಅರ್ಧಸತ್ಯ. ಮೆಡಿಕೈಡ್ ಕೊಡದಿದ್ದರೂ ಶಾಲಾ ಜಿಲ್ಲೆ ಕೊಡಲೇಬೇಕು. ಆ ಹಣ ಬರಬೇಕಾದುದು ಸ್ಥಳೀಯ ಹಾಗೂ ರಾಜ್ಯದ ತೆರಿಗೆಯಿಂದ. ಪ್ರತಿ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಚಿಕಿತ್ಸೆ ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ಬರೆಯಲಾಗುತ್ತದೆ. ಹಣ ಕುಗ್ಗಿದಾಗ ಕಾಯಿದೆಯ ಒಂದಕ್ಷರವೂ ಅಳಿಯದೆ ಅಳಿಸಬಹುದಾದದ್ದು ಈ ನಿಮಿಷಗಳನ್ನೇ.