ಕಪ್ಪು ಸ್ತ್ರೀವಾದ: ಜನಾಂಗ, ಸವಲತ್ತು, ಹಕ್ಕು

ಅಮೆರಿಕದ ಮಹಿಳಾ ಹಕ್ಕುಗಳ ಚಳವಳಿ ಹುಟ್ಟಿದ್ದು ಗುಲಾಮಗಿರಿ ವಿರೋಧಿ ಹೋರಾಟದ ಮಡಿಲಲ್ಲಿ. ಒಡೆದದ್ದು 1869ರಲ್ಲಿ, ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಡುವ ಸಂವಿಧಾನದ 15ನೇ ತಿದ್ದುಪಡಿಯ ವಿಚಾರಕ್ಕೆ. ಹೆಂಗಸರನ್ನು ಕೈಬಿಟ್ಟಿತೆಂದು ಮಹಿಳಾ ಚಳವಳಿಯ ನಾಯಕಿ ಎಲಿಜಬೆತ್ ಕೇಡಿ ಸ್ಟಾಂಟನ್ ಅದನ್ನು ವಿರೋಧಿಸಿದರು. ದೂರು ನ್ಯಾಯವಾದದ್ದೇ, ಅದರ ಜೊತೆ ಅವರು ಆಡಿದ ಜನಾಂಗೀಯ ಹೀಯಾಳಿಕೆಗೆ ಮಾತ್ರ ಸಮರ್ಥನೆಯಿಲ್ಲ. ಗುಲಾಮಗಿರಿ ವಿರೋಧಿ ನಾಯಕ ಫ್ರೆಡರಿಕ್ ಡಗ್ಲಸ್ ತಿದ್ದುಪಡಿಯನ್ನು ಬೆಂಬಲಿಸಿದರು. ಈ ಜಗಳದಲ್ಲಿ ಕಪ್ಪು ಎಂದರೆ ಗಂಡಸು, ಹೆಣ್ಣು ಎಂದರೆ ಬಿಳಿಯಳು. ಎರಡೂ ಆಗಿದ್ದವರು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಆ್ಯನಾ ಜೂಲಿಯಾ ಕೂಪರ್ 1892ರ ತಮ್ಮ ಪುಸ್ತಕದಲ್ಲಿ ಇದನ್ನೇ ತಾತ್ವಿಕ ಪ್ರಶ್ನೆಯಾಗಿ ಎತ್ತಿದರು.

ಈ ಚರ್ಚೆಯ ತಿರುಳು ಯಾರ ಗುರುತು ಯಾವುದು ಎಂಬುದರಲ್ಲಿಲ್ಲ, ಸಂಸ್ಥೆಗಳು ಅನ್ಯಾಯವನ್ನು ಎಣಿಸುವ ಕ್ರಮದಲ್ಲಿದೆ. 1976ರ ಡಿಗ್ರಾಫನ್‌ರೀಡ್ ಪ್ರಕರಣವನ್ನೇ ನೋಡಬಹುದು. ಸೇಂಟ್ ಲೂಯಿಸ್‌ನ ಜನರಲ್ ಮೋಟರ್ಸ್ ಕಾರ್ಖಾನೆ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನು ಹೆಚ್ಚುಕಡಿಮೆ ಸೇರಿಸಿಕೊಂಡೇ ಇರಲಿಲ್ಲ. ಮುಂದೆ ಆರ್ಥಿಕ ಹಿಂಜರಿತ ಬಂದಾಗ, ಕೊನೆಗೆ ಸೇರಿದವರು ಮೊದಲು ಹೊರಕ್ಕೆ ಎಂಬ ನಿಯಮದಡಿ ಅವರೇ ಕೆಲಸ ಕಳೆದುಕೊಂಡರು. ಐವರು ಹೆಂಗಸರು ಮೊಕದ್ದಮೆ ಹೂಡಿದರು. ಕಂಪನಿ ಹೆಂಗಸರನ್ನು ನೇಮಿಸಿಕೊಂಡಿದೆಯಲ್ಲ, ಹಾಗಾಗಿ ಲಿಂಗಭೇದವಿಲ್ಲ ಎಂದಿತು ಕೆಳ ನ್ಯಾಯಾಲಯ; ಆ ಹೆಂಗಸರು ಬಿಳಿಯರು. ಜನಾಂಗಭೇದದ ದೂರನ್ನು ಇನ್ನೊಂದು ದಾವೆಗೆ ಸೇರಿಸಿಕೊಳ್ಳಿ ಎಂದಿತು. ಎರಡನ್ನೂ ಕೂಡಿಸಿ ಕೇಳಲು ಬಿಡಲಿಲ್ಲ. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿಯ, ಅಂದರೆ ಜನಾಂಗ, ಲಿಂಗದಂಥ ಭೇದಗಳು ಒಂದನ್ನೊಂದು ಹಾಯುತ್ತವೆ ಎಂಬ, ವಾದ ಕಟ್ಟಿದ್ದು ಇಂಥ ತೀರ್ಪುಗಳ ಮೇಲೆ. ಗುರುತುಗಳನ್ನು ಹೀಗೆ ಬಿಡಿಸುತ್ತ ಹೋದರೆ ಚಳವಳಿ ಚೂರಾಗದೇ ಎಂಬ ಆಕ್ಷೇಪ ಹಳೆಯದು. ಚೂರು ಮಾಡಿದ್ದು ತೀರ್ಪೇ. ಫಿರ್ಯಾದಿಗಳು ತಮಗಾದ ಒಂದು ಅನ್ಯಾಯವನ್ನು ಇಡಿಯಾಗಿ ನೋಡಿ ಎಂದಷ್ಟೇ ಕೇಳಿದ್ದರು.

ಬಿಳಿಯರ ಸವಲತ್ತಿನ ಚರ್ಚೆ ಮಾತ್ರ ದಾರಿ ತಪ್ಪಿದ್ದುಂಟು. ಬಡ ಬಿಳಿ ಕಾರ್ಮಿಕರಿಗೆ ಕೂಲಿಯ ಜೊತೆ ಸಾರ್ವಜನಿಕ ಮನ್ನಣೆಯೂ ಸಂಬಳದಂತೆ ಸಿಗುತ್ತಿತ್ತೆಂದು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬೋಯ್ಸ್ 1935ರಲ್ಲೇ ತೋರಿಸಿದ್ದರು. ಸ್ತ್ರೀವಾದಿ ವಿದ್ವಾಂಸೆ ಪೆಗಿ ಮೆಕಿಂಟಾಶ್ 1988ರಲ್ಲಿ ತಮಗೆ ಬಿಳಿಯಳಾಗಿ ದಕ್ಕಿದ ಅನುಕೂಲಗಳನ್ನು ಪಟ್ಟಿಮಾಡಿದರು. ಪಟ್ಟಿ ಉಪಯುಕ್ತ, ಆದರೆ ಅದನ್ನು ಹಿಡಿದವರಲ್ಲಿ ಹಲವರು ತಪ್ಪೊಪ್ಪಿಗೆಯಲ್ಲೇ ನಿಂತರು. ತತ್ವಶಾಸ್ತ್ರಜ್ಞೆ ನವೋಮಿ ಝ್ಯಾಕ್ 2015ರಲ್ಲಿ ಎತ್ತಿದ ತಕರಾರು ಇಲ್ಲಿ ಸಲ್ಲುತ್ತದೆ: ಪೊಲೀಸರ ಗುಂಡಿಗೆ ಬಲಿಯಾಗದಿರುವುದು ಸವಲತ್ತಲ್ಲ, ಹಕ್ಕು, ಬಿಳಿಯರು ಅದನ್ನು ಬಿಟ್ಟುಕೊಡಬೇಕಾಗಿಲ್ಲ, ಕಪ್ಪು ಜನರಿಗೆ ಅದು ಸಿಗಬೇಕು.

ಇದೆಲ್ಲ ಅಮೆರಿಕದ ಮಾತಾಯಿತು ಎನ್ನುವವರಿಗೆ ಇಲ್ಲೇ ಉತ್ತರವಿದೆ. ಬೆಂಗಳೂರಿನ ದಲಿತ ಹೋರಾಟಗಾರ್ತಿ ರೂತ್ ಮನೋರಮಾ ಮುಂದಾಳತ್ವದಲ್ಲಿ 1995ರಲ್ಲಿ ರೂಪುಗೊಂಡ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಜಾತಿ, ವರ್ಗ, ಲಿಂಗ ಮೂರನ್ನೂ ಒಟ್ಟಿಗೆ ಎಣಿಸಲು ಕೇಳಿತು. ಆ ಬೇಡಿಕೆ ಸವರ್ಣ ಸ್ತ್ರೀವಾದಿಗಳಿಗೂ ದಲಿತ ಗಂಡಸರಿಗೂ ಇರುಸುಮುರುಸು ತಂದಿತು.